ಕಾನ್ವೆಂಟ್ ಸೇರಿ ಸಂಗೀತ ಕಲಿಸುತ್ತೇನೆ ಅನ್ನುವ ಹುಡುಗಿಗೆ ಮುಂದೆ ಎಂಥ ಬದುಕಿರುತ್ತದೆ?

ಹಾವೇರಿಯಲ್ಲಿರುವ ನಿಮ್ಮ ಅಕ್ಕನ ಮಗಳು ಪಿಯುಸಿ ಮುಗಿಸಿ ಸಿಸ್ಟರ್ ಅಂದರೆ ಕ್ಯಾಥೊಲಿಕ್ ಸನ್ಯಾಸಿನಿ ಆಗುತ್ತೇನೆ, ಸಂಗೀತ ಕಲಿಸಿಕೊಂಡು ಇರುತ್ತೇನೆ ಅನ್ನುತ್ತಿದ್ದಾಳೆ ಎಂದು ಬರೆದಿದ್ದೀರಿ. ಅಲ್ಲಿ ಸಂಗೀತಕ್ಕೆ ಎಷ್ಟು ಜಾಗ ಸಿಗುತ್ತದೆ, ಸಂಬಳ ಅವಳ ಕೈಗೆ ಬರುತ್ತದೆಯೇ, ನಡುವೆ ಮನಸ್ಸು ಬದಲಾದರೆ ಏನು ಗತಿ ಅನ್ನುವುದು ನಿಮ್ಮ ಪ್ರಶ್ನೆ. ನಾನು ಕ್ರೈಸ್ತಳಲ್ಲ, ಧಾರವಾಡದ ಲಿಂಗಾಯತರ ಮನೆಯವಳು. ಆದರೆ ನನಗೆ ಸ್ವರ ಓದಲು ಕಲಿಸಿದವರು ಒಬ್ಬ ಸಿಸ್ಟರ್. ಇವತ್ತಿಗೂ ಅವರ ಒಡನಾಟ ಇದೆ. ಹೆಸರು ಬರೆಯುವುದಿಲ್ಲ, ಅವರಿಗೆ ಅದು ಹಿಡಿಸುವುದಿಲ್ಲ.

ಹುಡುಗಿಗೆ ಹಾಡುಗಾರ್ತಿ ಆಗುವ ಆಸೆ ಇದ್ದರೆ ಕಾನ್ವೆಂಟ್ ಬೇಡ. ಕಲಿಸುವ ಆಸೆ ಇದ್ದರೆ ಹೋಗಲಿ. ಆದರೆ ಯಾವ ಊರಲ್ಲಿ, ಯಾರಿಗೆ, ಎಷ್ಟು ವರ್ಷ ಕಲಿಸಬೇಕು ಅನ್ನುವುದು ಅವಳ ಕೈಯಲ್ಲಿ ಇರುವುದಿಲ್ಲ. ಇದೊಂದು ಮಾತು ಅವಳಿಗೆ ಈಗಲೇ ಗೊತ್ತಿರಬೇಕು.

ನಮ್ಮ ಸಿಸ್ಟರ್ ಮಂಗಳೂರು ಕಡೆಯವರು, ಮನೆಮಾತು ಕೊಂಕಣಿ. ನಸುಕಿನಲ್ಲೇ ಎದ್ದು ಪ್ರಾರ್ಥನೆ, ಧ್ಯಾನ, ಆಮೇಲೆ ಬಲಿಪೂಜೆ, ಅಂದರೆ ಚರ್ಚಿನ ಮುಖ್ಯ ಆರಾಧನೆ. ಬೈಬಲ್ಲಿನ ಕೀರ್ತನೆಗಳನ್ನು ಇಬ್ಭಾಗವಾಗಿ ನಿಂತು ಒಂದು ಸಾಲು ಇವರು, ಒಂದು ಸಾಲು ಅವರು ಎಂದು ಹೇಳುತ್ತಾರೆ. ಹಾಗಾಗಿ ಹಾಡು ಅವರಿಗೆ ಮೊದಲು ಪ್ರಾರ್ಥನೆ, ಕಲೆ ಆಮೇಲೆ. ನಂತರ ಇಡೀ ದಿನ ಶಾಲೆ, ಸರದಿ ಬಂದಾಗ ಅಡಿಗೆಮನೆ. ನಮಗೆ ಪಾಠ ಸಿಗುತ್ತಿದ್ದದ್ದು ಶಾಲೆ ಬಿಟ್ಟ ಮೇಲೆ, ಸಂಜೆ ಪ್ರಾರ್ಥನೆಯ ಗಂಟೆ ಹೊಡೆಯುವವರೆಗೆ ಮಾತ್ರ. ಗಂಟೆ ಹೊಡೆಯಿತೋ, ಸಾಲು ಮುಗಿಯಲು ಎರಡೇ ಸ್ವರ ಬಾಕಿ ಇದ್ದರೂ ಸಿಸ್ಟರ್ ವಾದ್ಯದ ಮನೆಗಳಿಂದ, ಅಂದರೆ ಬೆರಳಿಂದ ಒತ್ತುವ ಪಟ್ಟಿಗಳಿಂದ, ಕೈ ಎತ್ತಿಬಿಡುತ್ತಿದ್ದರು. "ಉಳಿದದ್ದು ನಾಳೆ." ನನಗೆ ಸಿಟ್ಟು ಬರುತ್ತಿತ್ತು. ವಿಧೇಯತೆಯ ವ್ರತ ಅಂದರೆ ಏನು ಎಂದು ನಾನು ಕಣ್ಣಾರೆ ಕಂಡದ್ದು ಅಲ್ಲೇ.

ಪಾಠದ ಕೋಣೆಯಲ್ಲಿ ಒಂದು ಹಳೆಯ ಪಿಯಾನೊ ಇತ್ತು. ಧಾರವಾಡದ ಜಿಟಿಜಿಟಿ ಮಳೆ ನಿಮಗೆ ಗೊತ್ತಲ್ಲ, ಆಷಾಢ ಬಂತೆಂದರೆ ಕಟ್ಟಿಗೆ ಉಬ್ಬಿ ಮನೆಗಳು ಒತ್ತಿದಲ್ಲೇ ಕೂತುಬಿಡುತ್ತಿದ್ದವು. ಸಿಸ್ಟರ್ ಕೆಳಗಿನ ಹಲಗೆ ತೆಗೆದು ಒಳಗೊಂದು ಸಣ್ಣ ಬಲ್ಬು ಹಚ್ಚಿಟ್ಟಿದ್ದರು, ಥಂಡಿ ಹಿಡಿಯಬಾರದೆಂದು. ರಾತ್ರಿಯಿಡೀ ಉರಿಯುತ್ತಿತ್ತು. ನುಸಿ ಪಿಯಾನೊ ಒಳಗಿನ ಉಣ್ಣೆ ತಿನ್ನಬಾರದೆಂದು ಬೇವಿನೆಲೆಯನ್ನು ಬಟ್ಟೆಯಲ್ಲಿ ಕಟ್ಟಿ ಒಳಗೆ ಇಡುವ ಕೆಲಸ ನಮ್ಮದು. ಅದರ ಪಕ್ಕದಲ್ಲೇ ಒಂದು ಪೇಟಿ, ಅಂದರೆ ಹಾರ್ಮೋನಿಯಂ. ಪಿಯಾನೊ ಕೈಕೊಟ್ಟ ದಿನ ಪೇಟಿಯಲ್ಲಿ ಪಾಠ.

ನಮ್ಮ ಮನೆಯಲ್ಲಿ ಅಜ್ಜನಿಗೆ ರೇಡಿಯೊ ಹುಚ್ಚು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್ಲ ಅವರ ದನಿ ಕೇಳುತ್ತಲೇ ನಾನು ಬೆಳೆದದ್ದು. ಹೀಗಾಗಿ ಸಿಸ್ಟರ್ ಹಾಡಿಸುವ ನೆಟ್ಟಗಿನ ಸಾಲನ್ನೂ ನಾನು ಎಳೆದು ಜಾರಿಸಿ ಹಾಡುತ್ತಿದ್ದೆ. "ಎಂತ ಮಾರಾಯ್ತಿ, ಗಾಂಧಾರಕ್ಕೆ ಹೋಗುವ ದಾರಿಯಲ್ಲಿ ಊರೆಲ್ಲ ಸುತ್ತಿ ಬಂದೆಯಲ್ಲ!" ಎಂದು ನಕ್ಕಿದ್ದರು. ಕರೆದೊಯ್ಯಲು ಬಂದಿದ್ದ ಅಜ್ಜ ಬಾಗಿಲಲ್ಲೇ ನಿಂತು, "ಅದು ಮೀಂಡರೀ ಸಿಸ್ಟರ್ ಅಕ್ಕಾರ, ನಿಮ್ಮ ಪೇಟಿಯೊಳಗ ಅದು ಬರೂದಿಲ್ರಿ. ಅದಕ್ಕಂತನ ಆಕಾಶವಾಣಿಯವರು ಪೇಟಿ ಬ್ಯಾಡಂದಿದ್ರು" ಅಂದರು. ಮೀಂಡ ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು. ಅಜ್ಜನ ಮಾತು ನಿಜವೇ. 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಸಿಸ್ಟರ್ ಬಿಡಲಿಲ್ಲ. "ನಮ್ಮಲ್ಲಿ ಪಿಯಾನೊವನ್ನೇ ಹೊರಗಿಟ್ಟಿದ್ದರು ಅಜ್ಜ" ಅಂದರು. ಅದೂ ನಿಜ. 1903ರ ನವೆಂಬರ್‌ನಲ್ಲಿ ಪೋಪ್ ಹತ್ತನೇ ಪಯಸ್ ಹೊರಡಿಸಿದ ಆಜ್ಞೆಯ ಪ್ರಕಾರ ಚರ್ಚಿನಲ್ಲಿ ಪಿಯಾನೊ ನುಡಿಸುವಂತಿರಲಿಲ್ಲ, ಚರ್ಚಿನ ಗಾಯನವೃಂದದಲ್ಲಿ ಹೆಂಗಸರು ಹಾಡುವಂತೆಯೂ ಇರಲಿಲ್ಲ. 1963ರ ಡಿಸೆಂಬರ್‌ನಲ್ಲಿ ಕ್ಯಾಥೊಲಿಕ್ ಬಿಷಪ್ಪರ ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಯಲ್ಲಿ ಆಯಾ ಊರಿನ ಭಾಷೆಗೂ ಸಂಗೀತಕ್ಕೂ ದಾರಿ ಬಿಟ್ಟಿತು. ಕನ್ನಡದ ಪೂಜೆಯಲ್ಲಿ ಇಂದು ಪೇಟಿ-ತಬಲಾ ಕೇಳಿಸುವುದು ಆ ದಾರಿಯಿಂದಲೇ.

ಅಜ್ಜನ ಮಾತನ್ನು ಅವರು ತಮಾಷೆಗೆ ಬಿಡಲಿಲ್ಲ ನೋಡಿ, ಅದು ನನಗೆ ದೊಡ್ಡದು. ಹಿಂದೂಸ್ತಾನಿ ಸಂಗೀತ ಬರೆದಿಡುವ ಭಾತಖಂಡೆ ಸ್ವರಲಿಪಿ ಕಲಿತರು. ಕೋಮಲಕ್ಕೆ, ಅಂದರೆ ತಗ್ಗಿಸಿದ ಸ್ವರಕ್ಕೆ, ಅಡಿಯಲ್ಲಿ ಗೆರೆ; ತೀವ್ರ ಮಧ್ಯಮಕ್ಕೆ, ಅಂದರೆ ಏರಿಸಿದ ಮಧ್ಯಮಕ್ಕೆ, ತಲೆಯ ಮೇಲೆ ಗೆರೆ. ನಮ್ಮ ನೋಟ್‌ಬುಕ್ಕಿನಲ್ಲಿ ಮೇಲೆ ಪಾಶ್ಚಾತ್ಯ ಪದ್ಧತಿಯ ಐದು ಗೆರೆ, ಕೆಳಗೆ ಸರಿಗಮ, ಎರಡನ್ನೂ ತಾವೇ ಬರೆದುಕೊಡುತ್ತಿದ್ದರು. ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನ, ಚರ್ಚಿನಲ್ಲಿ ವಾದ್ಯವನ್ನು ಹಾಡಿಗೆ ಆಸರೆಯಾಗಿ ಎಷ್ಟು ಬೇಕೋ ಅಷ್ಟೇ ನುಡಿಸಬೇಕು, ಹರ್ಷದ ಸ್ತುತಿಯಾದ ಅಲ್ಲೆಲೂಯ ಹಾಡುವಂತಿಲ್ಲ. ಆ ದಿನಗಳಲ್ಲಿ ಸಿಸ್ಟರ್ ಪಾಠದಲ್ಲೂ ಪೇಟಿ ಮುಚ್ಚಿ, ಒಂದು ಷಡ್ಜ ಕೊಟ್ಟು, ಬರಿಗಂಟಲಲ್ಲಿ ಹಾಡಿಸುತ್ತಿದ್ದರು. ನನ್ನ ಕಿವಿ ತಯಾರಾದದ್ದು ಆಗಲೇ.

ಇನ್ನು ಕಷ್ಟದ ಭಾಗ. ಒಂದು ಬೇಸಿಗೆಯಲ್ಲಿ ವರ್ಗದ ಪತ್ರ ಬಂತು. ಹೊರಟಾಗ ಕೈಯಲ್ಲಿ ಒಂದು ಸೂಟ್‌ಕೇಸು, ಒಂದು ಚೀಲ. ಪಿಯಾನೊ, ಪೇಟಿ, ಕಪಾಟಿನ ತುಂಬ ಇದ್ದ ಪುಸ್ತಕ ಎಲ್ಲವೂ ಕಾನ್ವೆಂಟಿನದು, ಅಲ್ಲೇ ಉಳಿದವು. ಹೊಸ ಊರಲ್ಲಿ ಅವರಿಗೆ ಸಿಕ್ಕದ್ದು ಹುಡುಗಿಯರ ಹಾಸ್ಟೆಲ್ಲಿನ ಜವಾಬ್ದಾರಿ. ದಿನಸಿ ಲೆಕ್ಕ, ಜ್ವರ ಬಂದವರನ್ನು ದವಾಖಾನೆಗೆ ಒಯ್ಯುವುದು. ಸಂಗೀತ ಪಾಠ ಹಲವು ವರ್ಷ ಇರಲೇ ಇಲ್ಲ. ನೋಡಲು ಹೋದಾಗ ನಾನು ಕೇಳಿಯೇಬಿಟ್ಟೆ, ಬೇಜಾರಾಗಲಿಲ್ಲವಾ ಎಂದು. "ಆಯಿತು. ಬೆರಳುಗಳಿಗೆ ಜಾಸ್ತಿ ಬೇಜಾರಾಯಿತು" ಅಂದರು. ಸುಳ್ಳು ಸಮಾಧಾನ ಹೇಳಲಿಲ್ಲ. ಅವರ ಮೇಲಿನ ನನ್ನ ಗೌರವ ಹೆಚ್ಚಿದ್ದು ಆ ಉತ್ತರದಿಂದ.

ಈ ತ್ಯಾಗ ನಮ್ಮ ಸೀಮೆಗೆ ಹೊಸದಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮ ನೋಡಿ. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡ ಮೇಲೆ 2010ರವರೆಗೆ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ, ಬಡವರ ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಕೊಟ್ಟರು. ಸಂಸಾರ ಕಟ್ಟಿಕೊಳ್ಳದೆ ಸಂಗೀತ ಹಂಚುವವರನ್ನು ಕಂಡರೆ ಕೈಮುಗಿಯುವುದು ನಮಗೆ ಗೊತ್ತು. ಆದರೆ ಸಿಸ್ಟರ್‌ಗಳ ವಿಷಯದಲ್ಲಿ ನಮ್ಮ ಊರು ಇದನ್ನು ಮರೆಯುತ್ತದೆ ಅನ್ನುವುದು ನನಗಿರುವ ನೋವು. ಅವರಿಗೆ ಘರಾಣೆಯಿಲ್ಲ, ಕಛೇರಿಯಿಲ್ಲ, ಪುಣ್ಯತಿಥಿಯ ಸಂಗೀತೋತ್ಸವ ಇಲ್ಲ. ಶಿಷ್ಯರು ಹೆಸರಿಗೆ ಬರುವ ಹೊತ್ತಿಗೆ ಗುರು ಇನ್ನಾವುದೋ ಊರಿನಲ್ಲಿ ಇರುತ್ತಾರೆ. ಯುರೋಪಿನಲ್ಲಿಯೂ ಎಲ್ಲ ಸುಲಭವಿರಲಿಲ್ಲ. ಜರ್ಮನಿಯ ಬಿಂಗೆನ್ನಿನ ಹಿಲ್ಡೆಗಾರ್ಡ್ 1098ರಿಂದ 1179ರವರೆಗೆ ಬದುಕಿದ್ದ ಸನ್ಯಾಸಿನಿ, ರಾಗ ಕಟ್ಟುತ್ತಿದ್ದವರು. ಕೊನೆಗಾಲದಲ್ಲಿ ಅವರ ಮಠದಲ್ಲಿ ಹಾಡಬಾರದೆಂದು ಮೇಲಿನವರು ನಿರ್ಬಂಧ ಹಾಕಿದರು. ಆಕೆ ಪತ್ರ ಬರೆದು ವಾದಿಸಿ ಆ ನಿರ್ಬಂಧ ತೆಗೆಸಿದರು. ವಿಧೇಯತೆ ಅಂದರೆ ಬಾಯಿ ಮುಚ್ಚಿಕೊಂಡಿರುವುದು ಅಲ್ಲ ಅನ್ನುವುದಕ್ಕೆ ಈ ಮಾತು ಹೇಳಿದೆ.

ಸಂಬಳದ ವಿಷಯ. ಬಡತನದ ವ್ರತ ತೊಟ್ಟವರ ದುಡಿಮೆ ಪೂರ್ತಿ ಸಭೆಗೆ, ಅಂದರೆ ಅವರು ಸೇರಿದ ಸಂಸ್ಥೆಗೆ ಹೋಗುತ್ತದೆ. ಅವರ ಊಟ, ಬಟ್ಟೆ, ಔಷಧ, ಮುಪ್ಪು ಸಂಸ್ಥೆಯ ಹೊಣೆ. ಅನುದಾನಿತ ಶಾಲೆಯ ಸಿಸ್ಟರ್‌ಗಳ ಸರಕಾರಿ ಸಂಬಳವೂ ಹೀಗೆಯೇ. ಆದರೂ ಅದರಿಂದ ಆದಾಯ ತೆರಿಗೆ ಮುರಿದುಕೊಳ್ಳಬಹುದು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮನಸ್ಸು ಬದಲಾದರೆ? ಅದಕ್ಕೆ ಕಾಲಾವಕಾಶ ಸಾಕಷ್ಟಿದೆ. ನೊವಿಸಿಯೇಟ್, ಅಂದರೆ ವ್ರತಕ್ಕೆ ಮುಂಚಿನ ತರಬೇತಿ, ಸೇರಲು 17 ವರ್ಷ ತುಂಬಿರಬೇಕು. ಅದು ಕನಿಷ್ಠ 12 ತಿಂಗಳು. ಆಮೇಲಿನ ತಾತ್ಕಾಲಿಕ ವ್ರತ ಕನಿಷ್ಠ ಮೂರು ವರ್ಷ, ಎಳೆದರೆ ಒಂಬತ್ತರವರೆಗೂ ಹೋಗಬಹುದು. 21 ತುಂಬದೆ ಕೊನೆಯ ವ್ರತ, ಅಂದರೆ ಜೀವಮಾನದ ವ್ರತ, ಇಲ್ಲ. ತಾತ್ಕಾಲಿಕ ವ್ರತದ ಅವಧಿ ಮುಗಿದಾಗ ಮನೆಗೆ ಮರಳಬಹುದು, ಅದರಲ್ಲಿ ತಪ್ಪೇನೂ ಇಲ್ಲ. ನೀವು ಮುಖ್ಯವಾಗಿ ಗಮನಿಸಬೇಕಾದದ್ದು ನೊವಿಸಿಯೇಟಿನ ಅವಧಿ. ಆಗ ಆ ತರಬೇತಿಗೆ ನೇರ ಸಂಬಂಧವಿಲ್ಲದ ಓದು, ಕೆಲಸ ಕೂಡದು ಎಂದು ಅವರ ಕಾನೂನೇ ಹೇಳುತ್ತದೆ. ಪ್ರಾರ್ಥನೆಯಲ್ಲಿ ಹಾಡುವುದು ಇರುತ್ತದೆ, ದಿನಾ ತಾಸುಗಟ್ಟಲೆ ರಿಯಾಜ್ ಇರುವುದಿಲ್ಲ. ಆದ್ದರಿಂದ ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆ ಮುಗಿಸಿಕೊಂಡೇ ಹೋಗಲಿ. ಗಟ್ಟಿ ಬುನಾದಿ ಇದ್ದ ಕಂಠಕ್ಕೆ ಒಂದೆರಡು ವರ್ಷದ ಬಿಡುವು ಅಂಥ ನಷ್ಟವಲ್ಲ.

ಸೇರುವ ಮುಂಚೆ ಆ ಸಂಸ್ಥೆಯ ಮುಖ್ಯಸ್ಥೆ ಸುಪೀರಿಯರ್ ಅವರನ್ನು ಸಂಕೋಚ ಬಿಟ್ಟು ಕೇಳಿ: ನಿಮ್ಮ ಮುಖ್ಯ ಸೇವೆ ಶಾಲೆಯೋ, ಆಸ್ಪತ್ರೆಯೋ? ಸಂಗೀತದಲ್ಲಿ ಮುಂದೆ ಓದಿಸಿದ ಸಿಸ್ಟರ್‌ಗಳು ನಿಮ್ಮಲ್ಲಿ ಇದ್ದಾರಾ? ಇದ್ದರೆ ಅವರಲ್ಲಿ ಒಬ್ಬರ ಜೊತೆ ಹುಡುಗಿಯನ್ನು ಅರ್ಧ ದಿನ ಬಿಟ್ಟು, ನೀವು ಹೊರಗೆ ಕೂತಿರಿ. ನಮ್ಮ ಸಿಸ್ಟರ್ ಈಗ ಮತ್ತೆ ಮಕ್ಕಳಿಗೆ ಪೇಟಿ ಹೇಳಿಕೊಡುತ್ತಿದ್ದಾರೆ, ನಿವೃತ್ತ ಸಿಸ್ಟರ್‌ಗಳ ಮನೆಯಲ್ಲಿ, ವಾರಕ್ಕೆರಡು ಸಂಜೆ. ನಿಮ್ಮ ಹುಡುಗಿ ಧಾರವಾಡಕ್ಕೆ ಬರುವುದಾದರೆ ಅವರನ್ನು ಕೇಳಿ ಭೇಟಿ ಮಾಡಿಸುತ್ತೇನೆ.