ಕಲ್ಲಿದ್ದಲು ಹಾಕ್ತಿದ್ದವರು ಯುದ್ಧಕ್ಕೆ ಹೋದಂಗಾ?

ಪ್ರಶ್ನೆ: ನಾವು ಮೂಲತಃ ಹೊನ್ನಾವರದ ಕಡೆಯವ್ರು. ನಮ್ಮಜ್ಜಿಯ ಅಣ್ಣ 1942ರಲ್ಲಿ ಬಾಂಬೆಲಿ ಬ್ರಿಟಿಷ್ ಸರಕು ಹಡಗು ಹತ್ತಿದ್ರಂತೆ, ಬಾಯ್ಲರ್‌ಗೆ ಕಲ್ಲಿದ್ದಲು ಹಾಕೋ ಕೆಲ್ಸ, ಆಮೇಲೆ ಬರ್ಲೇ ಇಲ್ಲ. ಅಜ್ಜಿ ಇರೋವರ್ಗೂ ಅಣ್ಣ ಯುದ್ಧದಲ್ಲಿ ಹೋದ ಅಂತಿದ್ರು, ದೊಡ್ಡಪ್ಪ ಮಾತ್ರ ‘ಮಾವ ಏನು ಮಿಲಿಟರೀಲಿದ್ರಾ, ಸಂಬಳಕ್ಕೆ ಹೋದ್ರು’ ಅಂತಾರೆ. ಯಾರು ಹೇಳೋದು ಸರಿ?
– ಓದುಗರು, ಬಸವನಗುಡಿ

ಉತ್ತರ: ಅಜ್ಜಿ ಹೇಳಿದ್ದೇ ಸರಿ. ಸಂಬಳಕ್ಕೆ ಹೋಗಿದ್ದು ನಿಜ ಕಣ್ರೀ, ಸಿಪಾಯಿಗಳೂ ಸಂಬಳಕ್ಕೇ ಹೋಗಿದ್ದು ಅಲ್ವಾ!

ಶತ್ರು ಸಬ್‌ಮರೀನ್ ಬಿಡೋ ಟಾರ್ಪೆಡೋ (ನೀರೊಳಗೇ ನುಗ್ಗಿ ಬಂದು ಸಿಡಿಯೋ ಬಾಂಬು) ಹೊಡೆಯೋದೇ ನೀರಿನ ಮಟ್ಟದ ಕೆಳಗೆ, ಕಲ್ಲಿದ್ದಲು ಹಾಕೋ ಬಾಯ್ಲರ್, ಇಂಜಿನ್ ರೂಮ್ ಇರೋದೂ ಅಲ್ಲೇ, ಅಂದ್ರೆ ಪೆಟ್ಟು ಬಿದ್ರೆ ಒಂದ್ಕಡೆ ಒಡೆದ ಪೈಪಿಂದ ಕುದಿಯೋ ಹಬೆ, ಇನ್ನೊಂದ್ಕಡೆ ಒಳಗೆ ನುಗ್ಗೋ ಸಮುದ್ರ, ಲೈಟ್ ಹೋಗಿರತ್ತೆ, ಮೇಲೆ ಬರೋಕೆ ಕಬ್ಬಿಣದ ಕಿರಿದಾದ ಏಣಿ. ಡೆಕ್ ಮೇಲಿದ್ದವ್ರಿಗೆ ದೋಣಿ ಇಳಿಸೋಕಾದ್ರೂ ಟೈಮ್ ಸಿಗ್ತಿತ್ತು, ಕೆಳಗಿದ್ದವ್ರಿಗೆ ಎಷ್ಟೋ ಸಲ ಅದೂ ಇಲ್ಲ. ಗುಂಪಾಗಿ ಹೋಗೋ ಕಾನ್ವಾಯ್‌ನಲ್ಲಿ ಎಲ್ಲಕ್ಕಿಂತ ನಿಧಾನದ ಹಡಗಿನ ಸ್ಪೀಡೇ ಎಲ್ರಿಗೂ ಸ್ಪೀಡು (ಸಿಲ್ಕ್ ಬೋರ್ಡ್ ಜಂಕ್ಷನ್ ನೆನೆಸ್ಕೊಳ್ಳಿ), ಪಕ್ಕದ ಹಡಗು ಮುಳುಗ್ತಿದ್ರೂ ಉಳಿದವು ನಿಲ್ಲೋ ಹಾಗಿರ್ಲಿಲ್ಲ, ನಿಂತ್ರೆ ಅದಕ್ಕೂ ಅದೇ ಗತಿ. 1942ರ ಜೂನ್ ಕೊನೇಲಿ ರಷ್ಯಾಗೆ ಹೊರಟ ಪಿಕ್ಯೂ-17 ಅನ್ನೋ ಕಾನ್ವಾಯ್‌ನಲ್ಲಿ 24 ಸರಕು ಹಡಗು ಮುಳುಗಿದ್ವು. ಅಷ್ಟು ದೂರ ಯಾಕೆ, ಬಾಂಬೆಯಿಂದ ಆಫ್ರಿಕಾ ಕಡೆ ಹೊರಟಿದ್ದ ‘ತಿಲಾವಾ’ ಅನ್ನೋ ಹಡಗನ್ನ ಅದೇ ವರ್ಷ ನವೆಂಬರ್ 23ಕ್ಕೆ ಜಪಾನಿ ಸಬ್‌ಮರೀನ್ ನಮ್ಮ ಅರಬ್ಬೀ ಸಮುದ್ರದಲ್ಲೇ ಮುಳುಗಿಸ್ತು, 280 ಜನ ಸತ್ರು.

ಸಂಬಳದ ಮಾತು ಬಂತಲ್ಲ, ಅದನ್ನೂ ಕೇಳಿ. 1941ರ ಮೇ ತನಕ ಬ್ರಿಟಿಷ್ ನಾವಿಕರಿಗೇ ಹಡಗು ಮುಳುಗಿದ ದಿನದಿಂದ ಸಂಬಳ ಕಟ್, ಲೈಫ್‌ಬೋಟಲ್ಲಿ ಒದ್ದಾಡಿದ ದಿನಕ್ಕೆ ಕಾಸಿಲ್ಲ! ‘ಲಸ್ಕರ್’ ಅಂತ ಕರೆಸ್ಕೊಂಡ ನಮ್ಮವ್ರಿಗಂತೂ ಅದೇ ಹಡಗಲ್ಲಿ ಅದೇ ಕೆಲ್ಸ ಮಾಡಿದ್ರೂ ಬಿಳಿಯರಿಗೆ ಕೊಡ್ತಿದ್ದ ಸಂಬಳದ ಒಂದು ಚೂರು ಅಷ್ಟೇ, 1939ರಲ್ಲಿ ಯುದ್ಧ ಶುರುವಾಗ್ತಿದ್ದ ಹಾಗೇ ಬ್ರಿಟನ್ ಬಂದರುಗಳಲ್ಲಿ ಮುಷ್ಕರ ಹೂಡಿದ್ದು ಸುಮ್ನೆ ಅಲ್ಲ.

ಯುದ್ಧದಲ್ಲಿ ಸತ್ತ ಅವಿಭಜಿತ ಭಾರತದ ಸುಮಾರು 6,000 ಸರಕು ಹಡಗಿನ ನಾವಿಕರ ಹೆಸರಿರೋ ಸ್ಮಾರಕ ಪುಸ್ತಕ ಮುಂಬೈಲೂ ಚಿತ್ತಗಾಂಗ್‌ನಲ್ಲೂ ಇದೆ. ಯುದ್ಧದಲ್ಲಿ ಸತ್ತವ್ರ ಲೆಕ್ಕ ಇಡೋ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನವರ ಪಟ್ಟೀಲಿ ಆನ್‌ಲೈನಲ್ಲೇ ಹುಡುಕ್ಬೋದು. ಹೆಸರಿನ ಸ್ಪೆಲಿಂಗ್ ನಾಲ್ಕೈದು ಥರ ಹಾಕಿ ನೋಡಿ, ಸಿಕ್ರೆ ಪ್ರಿಂಟ್ ತೆಗೆದು ದೊಡ್ಡಪ್ಪನ ಕೈಗೇ ಕೊಡಿ.