ಜಪಾನ್ ಸುತ್ತುವಾಗ ಊರಿನ ಸ್ನೇಹಿತರ ಜೊತೆ ಸಂಪರ್ಕದಲ್ಲಿ ಇರೋದು ಹೇಗೆ?

ಮೊದಲ ಸಲ ಜಪಾನ್‌ಗೆ ಹೊರಟಿದ್ದೀರಿ. ಟೋಕಿಯೊದಿಂದ ಹಿರೋಷಿಮಾವರೆಗೆ ಸುತ್ತುವ ಯೋಚನೆ ಇದೆ. ಅರ್ಧ ದಾರಿಗೆ ಇಬ್ಬರು ಗೆಳತಿಯರು ಜೊತೆಗಿರುತ್ತಾರೆ, ಉಳಿದವರು ಬೆಂಗಳೂರಿನಲ್ಲಿ. ಎಲ್ಲರ ಜೊತೆ ಮಾತು ತಪ್ಪಬಾರದು, ಅದಕ್ಕೆ ಯಾವ ಸಿಮ್ ಒಳ್ಳೆಯದು ಎಂದು ಕೇಳಿದ್ದೀರಿ. ಸಿಮ್ ಬಗ್ಗೆ ಖಂಡಿತ ಹೇಳುತ್ತೇನೆ. ಆದರೆ ನಾನು ಕಂಡ ಹಾಗೆ ಅಲ್ಲಿ ನೆಟ್‌ವರ್ಕ್ ದೊಡ್ಡ ತಲೆನೋವಲ್ಲ. ಕಷ್ಟ ಇರುವುದು ಹೊತ್ತು ಹೊಂದಿಸಿಕೊಳ್ಳುವುದರಲ್ಲಿ.

ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಅಷ್ಟೇನಾ ಅನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ. ನೀವು ಬೆಳಗ್ಗೆ 7ಕ್ಕೆ ಹೊರಗೆ ಕಾಲಿಟ್ಟಾಗ ಇಲ್ಲಿ ಇನ್ನೂ ಮೂರೂವರೆ, ಎಲ್ಲರೂ ಗಾಢ ನಿದ್ದೆಯಲ್ಲಿರುತ್ತಾರೆ. ನೀವು ಮಧ್ಯಾಹ್ನದ ಊಟಕ್ಕೆ ಕೂತಾಗ ಇಲ್ಲಿ ಆಫೀಸಿಗೆ ಓಡುವ ಗಡಿಬಿಡಿ. ಕಾಲು ನೋಯಿಸಿಕೊಂಡು ರಾತ್ರಿ 9ಕ್ಕೆ ರೂಮಿಗೆ ಬಂದರೆ ಇಲ್ಲಿ ಸಂಜೆ ಐದೂವರೆ, ಯಾರ ಮೀಟಿಂಗೂ ಮುಗಿದಿರುವುದಿಲ್ಲ. ಇಲ್ಲಿನವರು ಊಟ ಮುಗಿಸಿ ಆರಾಮಾಗಿ ಹರಟೆಗೆ ಕೂರುವ ಒಂಬತ್ತೂವರೆಗೆ ನಿಮಗೆ ರಾತ್ರಿ ಒಂದು ಗಂಟೆ. ಹೀಗೆ ನಾಲ್ಕು ದಿನ ತಪ್ಪಿದರೆ ಗ್ರೂಪಿನಲ್ಲಿ ಬರೀ ಫೋಟೊ, ಅದಕ್ಕೆ ಬರೀ ಲೈಕು. ಮಾತು ಅನ್ನುವುದೇ ಇರುವುದಿಲ್ಲ.

ನಮಗೆ ಹೊಂದಿದ ದಾರಿ ಇದು. ವಾರದ ದಿನಗಳಲ್ಲಿ ಅಲ್ಲಿನ ರಾತ್ರಿ ಹತ್ತೂವರೆ, ಅಂದರೆ ಇಲ್ಲಿನ ಸಂಜೆ 7. ದಿನಕ್ಕೆ ಒಬ್ಬರ ಜೊತೆ ಮಾತ್ರ, ಹತ್ತು ನಿಮಿಷ. ಉದ್ದದ ಹರಟೆಗೆ ಭಾನುವಾರ ಇಲ್ಲಿನ ಬೆಳಗ್ಗೆ 9, ಅಲ್ಲಿನ ಮಧ್ಯಾಹ್ನ ಹನ್ನೆರಡೂವರೆ. ಆ ದಿನ ಕ್ಯೋಟೊದಲ್ಲಿದ್ದರೆ ಕಾಮೊ ನದಿಯ ದಂಡೆಗೆ ಹೋಗಿ. ಜನ ಬುತ್ತಿ ತಂದು ಅಲ್ಲೇ ಕೂತು ತಿನ್ನುತ್ತಾರೆ, ಮಾತಾಡಿದರೆ ಯಾರಿಗೂ ತೊಂದರೆಯಿಲ್ಲ. ಅಂಗಡಿಯಿಂದ ಎರಡು ಒನಿಗಿರಿ (ಅನ್ನದ ಉಂಡೆ) ತಗೊಂಡು ಹೋಗಿ ಕೂತರೆ ಆಯಿತು. ಸಸ್ಯಾಹಾರಿ ಆದರೆ ಉಮೆಬೋಶಿ, ಅಂದರೆ ಹುಳಿ ಹಣ್ಣಿನ ಉಪ್ಪಿನಕಾಯಿ, ಇರುವುದನ್ನು ಹುಡುಕಿ, ಪದಾರ್ಥಗಳ ಪಟ್ಟಿಗೆ ಫೋನಿನ ಅನುವಾದದ ಕ್ಯಾಮೆರಾ ಹಿಡಿದು ನೋಡಿ. ಕೆಲವದರಲ್ಲಿ ಮೀನಿನ ಸಾರ ಸೇರಿರುತ್ತದೆ.

ಈಗ ಸಿಮ್. ನಿಮ್ಮ ಫೋನಿಗೆ ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್, ಹಾಕಲು ಆಗುತ್ತದಾ ನೋಡಿ. ಆಗುವುದಾದರೆ ಮನೆಯ ವೈಫೈನಲ್ಲೇ ಕೊಂಡು ಹಾಕಿಕೊಳ್ಳಿ, ಅಲ್ಲಿ ಇಳಿದ ಮೇಲೆ ಆನ್ ಮಾಡಿ. ಪ್ರವಾಸಿಗಳಿಗೆ ಸಿಗುವ ಸಿಮ್‌ಗಳಲ್ಲಿ ಹೆಚ್ಚಿನವು ಬರೀ ಡೇಟಾದವು, ಕರೆ ಮಾಡುವ ನಂಬರ್ ಇರುವುದಿಲ್ಲ. ವಾಟ್ಸಾಪ್ ನಿಮ್ಮ ಹಳೇ ನಂಬರಿನಲ್ಲೇ ನಡೆಯುತ್ತದೆ. ನಂಬರ್ ಬದಲಾಯಿಸಬೇಕಾ ಎಂದು ಅದು ಕೇಳಿದರೆ ಬೇಡ ಎನ್ನಿ. ನಮ್ಮ ಸಿಮ್ ಫೋನಿನಲ್ಲೇ ಇರಲಿ, ಅದರ ಡೇಟಾ ಮಾತ್ರ ಆಫ್ ಮಾಡಿ. ಬ್ಯಾಂಕಿನ ಓಟಿಪಿ ಬರಬೇಕಲ್ಲ! ಹೊರಡುವ ಮುಂಚೆ ರೋಮಿಂಗ್ ಚಾಲೂ ಆಗಿದೆಯಾ ಎಂದು ನಿಮ್ಮ ಕಂಪನಿಯವರ ಹತ್ತಿರ ಕೇಳಿಕೊಳ್ಳಿ.

ಮೂವರಿಗೂ ಸೇರಿ ಒಂದೇ ಪಾಕೆಟ್ ವೈಫೈ (ಜೊತೆಗೆ ಒಯ್ಯುವ ಪುಟ್ಟ ನೆಟ್ ಡಬ್ಬಿ) ಬಾಡಿಗೆಗೆ ತಗೊಳ್ಳೋಣ ಎಂದು ಯಾರಾದರೂ ಹೇಳುತ್ತಾರೆ. ನಾನು ಬೇಡ ಎನ್ನುತ್ತೇನೆ. ದುಡ್ಡು ಸ್ವಲ್ಪ ಉಳಿಯುತ್ತದೆ, ನಿಜ. ಆದರೆ ಒಬ್ಬಳು ಬಟ್ಟೆ ಅಂಗಡಿಗೆ, ಇನ್ನೊಬ್ಬಳು ಮ್ಯೂಸಿಯಂಗೆ ಎಂದು ಬೇರೆಯಾದ ಕೂಡಲೇ ಡಬ್ಬಿ ಯಾರ ಚೀಲದಲ್ಲಿದೆಯೋ ಅವಳಿಗೆ ಮಾತ್ರ ನೆಟ್. ಟೋಕಿಯೊದ ಶಿಂಜುಕು ಸ್ಟೇಷನ್ನಿಗೆ ಇನ್ನೂರು ಬಾಗಿಲುಗಳಿವೆ, ದಿನಕ್ಕೆ ಮೂವತ್ತು ಲಕ್ಷಕ್ಕೂ ಜಾಸ್ತಿ ಜನ ಓಡಾಡುತ್ತಾರೆ. ಅಲ್ಲಿ "ಸ್ಟೇಷನ್ ಹತ್ತಿರ ಸಿಗೋಣ" ಎಂದರೆ ಅರ್ಥವೇ ಇಲ್ಲ. ಯಾವ ಕಡೆಯ ಬಾಗಿಲು ಎಂದು ಹೇಳಬೇಕು. ಅದೇ ಊರಿನ ಶಿಬುಯಾ ಸ್ಟೇಷನ್ ಹತ್ತಿರ ಹಾಚಿಕೊ ನಾಯಿಯ ಪ್ರತಿಮೆ, ಟೋಕಿಯೊ ಸ್ಟೇಷನ್ನಿನಲ್ಲಿ ನೆಲದಡಿ ಇರುವ ಬೆಳ್ಳಿ ಗಂಟೆ, ಇವು ಅಲ್ಲಿನವರೇ ಸೇರುವ ಜಾಗಗಳು. ಮೊಬೈಲ್ ಬರುವ ಮುಂಚೆ ಅಲ್ಲಿನ ಸ್ಟೇಷನ್ನುಗಳಲ್ಲಿ ಕರಿಹಲಗೆ ಇರುತ್ತಿತ್ತು. "ಕಾದು ಕಾದು ಹೊರಟೆ" ಎಂಬಂಥ ಮಾತನ್ನು ಸೀಮೆಸುಣ್ಣದಲ್ಲಿ ಬರೆದು ಹೋಗುತ್ತಿದ್ದರು, ಕೆಲವು ಗಂಟೆಗಳ ಮೇಲೆ ಸಿಬ್ಬಂದಿ ಅಳಿಸುತ್ತಿದ್ದರು. ಈಗ ಅದು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಆದ್ದರಿಂದ ಬೇರೆಯಾಗುವ ಮುಂಚೆಯೇ ಜಾಗ, ಹೊತ್ತು ಎರಡನ್ನೂ ಬಾಯಿಬಿಟ್ಟು ಹೇಳಿಕೊಳ್ಳಿ.

ಇನ್ನೊಂದು ಮುಖ್ಯ ಸಂಗತಿ. ಅಲ್ಲಿನ ರೈಲಿನಲ್ಲಿ ಯಾರೂ ಫೋನಿನಲ್ಲಿ ಮಾತಾಡುವುದಿಲ್ಲ. ಪ್ರಕಟಣೆಯಲ್ಲೇ ಹೇಳುತ್ತಾರೆ, ಸದ್ದು ಆಫ್ ಮಾಡಿ, ಕರೆ ಬೇಡ ಎಂದು. ಗೆಳತಿ ಕರೆ ಮಾಡಿದರೆ ಕಟ್ ಮಾಡಿ ಮೆಸೇಜ್ ಹಾಕಿ. ಶಿಂಕಾನ್ಸೆನ್ ಎಂಬ ಬುಲೆಟ್ ರೈಲಿನಲ್ಲಿ ಆದರೆ ಎರಡು ಬೋಗಿಗಳ ನಡುವೆ ಬಾಗಿಲ ಹತ್ತಿರದ ಜಾಗಕ್ಕೆ ಎದ್ದುಹೋಗಿ ಮಾತಾಡಬಹುದು. ಒಸಾಕಾದಿಂದ ಹಿರೋಷಿಮಾ ಕಡೆಗಿನ ದಾರಿಯಲ್ಲಿ ಸುರಂಗಗಳು ಜಾಸ್ತಿ. ಮಾತು ಸರಿಯಾಗಿ ಕೇಳಿಸದೇ ಹೋಗಬಹುದು, ಉದ್ದದ ಕರೆ ಅಲ್ಲಿ ಬೇಡ. ನಡೆಯುತ್ತಾ ವಿಡಿಯೊ ಕಾಲ್ ಕೂಡ ಬೇಡ. ಪ್ಲಾಟ್‌ಫಾರಂಗಳಲ್ಲಿ ಇದರ ಬಗ್ಗೆ ಎಚ್ಚರಿಕೆಯ ಪೋಸ್ಟರ್ ಅಂಟಿಸಿರುತ್ತಾರೆ. ಬಿಸಿನೀರಿನ ಸ್ನಾನದ ಮನೆಗಳಲ್ಲಿ ಫೋನ್ ಹೊರಗೆ ತೆಗೆಯಲೇಬಾರದು.

ನಾನು ವಾಯ್ಸ್ ಮೆಸೇಜಿನ ಪಕ್ಷ. ನೀವು ಬೆಳಗ್ಗೆ ಕಳಿಸಿದ್ದನ್ನು ಅವರು ಬಸ್ಸಿನಲ್ಲಿ ಕೇಳುತ್ತಾರೆ, ಉತ್ತರವನ್ನು ನೀವು ಸಂಜೆ ಕೇಳುತ್ತೀರಿ. ಮೂರೂವರೆ ಗಂಟೆಯ ಅಂತರ ಲೆಕ್ಕಕ್ಕೇ ಬರುವುದಿಲ್ಲ. ಮಾತಿನ ಜೊತೆ ಅಲ್ಲಿನ ಸದ್ದನ್ನೂ ಕಳಿಸಿ. ಟೋಕಿಯೊದ ಯಾಮಾನೊಟೆ ಲೈನಿನ ಬಹಳ ಸ್ಟೇಷನ್ನುಗಳಲ್ಲಿ ರೈಲು ಹೊರಡುವಾಗ ಪುಟ್ಟ ರಾಗ ನುಡಿಯುತ್ತದೆ. ರಸ್ತೆ ದಾಟುವ ಕಡೆ ಕಣ್ಣು ಕಾಣದವರಿಗಾಗಿ ಹಕ್ಕಿ ಕೂಗಿನ ಸದ್ದು ಹಾಕಿರುತ್ತಾರೆ, ಒಂದು ದಿಕ್ಕಿಗೆ ಮರಿಹಕ್ಕಿಯದು, ಇನ್ನೊಂದಕ್ಕೆ ಕುಕ್ಕೂ ಎಂದು ಕೂಗುವುದು. ನನ್ನ ಗೆಳತಿ ಅದನ್ನು ಕೇಳಿ "ಅಷ್ಟು ದೊಡ್ಡ ಸಿಟಿಯಲ್ಲಿ ಕೋಗಿಲೆ ಇದೆಯೇನೇ?" ಎಂದಳು. ಆಮೇಲೆ ಅರ್ಧ ಗಂಟೆ ಅದೇ ಮಾತು. ನೂರು ಫೋಟೊ ಕಳಿಸಿದರೂ ಇಷ್ಟು ಮಾತು ಹುಟ್ಟುವುದಿಲ್ಲ.

ಪೋಸ್ಟ್‌ಕಾರ್ಡ್ ಬಿಡಬೇಡಿ, ಇದು ನನ್ನ ಕೋರಿಕೆ. ಕೆಂಪು ಡಬ್ಬಿ ಎಲ್ಲೆಲ್ಲೂ ಸಿಗುತ್ತದೆ. ಅಂಚೆಯ ಗುರುತು ಅಂದರೆ ಮೇಲೆ ಎರಡು ಅಡ್ಡಗೆರೆ, ಕೆಳಗೊಂದು ನಿಂತ ಗೆರೆ. ಭಾರತಕ್ಕೆ ವಿಮಾನದಲ್ಲಿ ಹೋಗುವ ಕಾರ್ಡಿಗೆ 100 ಯೆನ್ ಅಂಚೆಚೀಟಿ ಸಾಕು. ಒಕ್ಕಣೆ ಕನ್ನಡದಲ್ಲೇ ಬರೆಯಿರಿ. ವಿಳಾಸ, ಪಿನ್‌ಕೋಡ್, ಇಂಡಿಯಾ ಎಂಬ ಹೆಸರು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ದೊಡ್ಡದಾಗಿ ಇರಲಿ. ಡಬ್ಬಿಗೆ ಹಾಕುವ ಬದಲು ಅಂಚೆ ಕಚೇರಿಯ ಕೌಂಟರಿಗೇ ಹೋಗಿ "ಫೂಕೇ-ಇನ್" ಎಂದು ಕೇಳಿ. ಬಹಳ ಕಚೇರಿಗಳಲ್ಲಿ ಆಯಾ ಊರಿನ ಕೋಟೆಯೋ ಬೆಟ್ಟವೋ ಸೇತುವೆಯೋ ಇರುವ ದುಂಡನೆಯ ಮುದ್ರೆ ಇರುತ್ತದೆ. ಅದನ್ನು ಒತ್ತುವುದನ್ನು ಹತ್ತಿರ ನಿಂತು ನೋಡಿ. ಮೊದಲು ಬೇರೆ ಹಾಳೆಯ ಮೇಲೆ ಒತ್ತಿ ಶಾಯಿ ಸರಿಯಿದೆಯಾ ನೋಡುತ್ತಾರೆ. ಆಮೇಲೆ ಚೀಟಿಯ ಅಂಚಿಗೆ ಹೊಂದಿಸಿ, ಎರಡೂ ಕೈಯಿಂದ ನಿಧಾನಕ್ಕೆ ಒತ್ತಿ, ಕಂದುಗೆಂಪು ಶಾಯಿ ಹರಡದ ಹಾಗೆ ಮೇಲೊಂದು ತೆಳು ಕಾಗದ ಇಡುತ್ತಾರೆ. ತಾರೀಕು ಅಲ್ಲಿನ ರಾಜನ ಕಾಲದ ಲೆಕ್ಕದಲ್ಲಿರುತ್ತದೆ. ಈಗಿನ ರಾಜನ ರೇವಾ ಕಾಲ ಶುರುವಾಗಿದ್ದು 2019ರ ಮೇ 1ಕ್ಕೆ, ಹಾಗಾಗಿ 2025 ಅಂದರೆ 7. ಇದನ್ನು ಕಾರ್ಡಿನಲ್ಲೇ ಬರೆದುಬಿಡಿ, ಇಲ್ಲದಿದ್ದರೆ ಕೈಗೆ ಸಿಕ್ಕವರಿಗೆ ತಲೆಬುಡ ಗೊತ್ತಾಗುವುದಿಲ್ಲ. ಸಣ್ಣ ಕಚೇರಿಗಳು ಶನಿವಾರ, ಭಾನುವಾರ ಮುಚ್ಚಿರುತ್ತವೆ.

ಭೂಕಂಪದ ಮಾತು ಆಡಲೇಬೇಕು. ಹೆದರಿಸಲು ಅಲ್ಲ. 2024ರ ಜನವರಿ 1ರಂದು ಸಂಜೆ 4.10ಕ್ಕೆ ನೋಟೊ ಪರ್ಯಾಯ ದ್ವೀಪದಲ್ಲಿ 7.6 ತೀವ್ರತೆಯ ಭೂಕಂಪ ಆಯಿತು. ಇಲ್ಲಿ ಆಗ ಮಧ್ಯಾಹ್ನ 12.40. ಇಂಥ ಸುದ್ದಿ ಬಂದ ಕೂಡಲೇ ಇಲ್ಲಿ ಎಲ್ಲರೂ ಒಟ್ಟಿಗೆ ನಿಮಗೆ ಕರೆ ಮಾಡುತ್ತಾರೆ, ಯಾವುದೂ ಸಿಗುವುದಿಲ್ಲ, ಗಾಬರಿ ಜಾಸ್ತಿ ಆಗುತ್ತದೆ. ಜಪಾನ್ ಉದ್ದನೆಯ ದೇಶ. ನಡುಗಿದ್ದು ಉತ್ತರದ ತುದಿಯ ಹೊಕ್ಕೈಡೊದಲ್ಲಿ, ನೀವಿರುವುದು ಹಿರೋಷಿಮಾದಲ್ಲಿ ಆಗಿರಬಹುದು. ಅದಕ್ಕೆ ದಿನಾ ಬೆಳಗ್ಗೆ ಗ್ರೂಪಿನಲ್ಲಿ ಆ ದಿನದ ಊರಿನ ಹೆಸರು ಹಾಕಿ, ಒಂದೇ ಪದ ಸಾಕು. ಏನಾದರೂ ಆದರೆ ನೀವು "ಚೆನ್ನಾಗಿದ್ದೇನೆ" ಎಂದು ಒಬ್ಬ ಗೆಳತಿಗೆ ಬರೆಯುತ್ತೀರಿ, ಅವಳು ನಿಮ್ಮ ಮನೆಗೂ ಉಳಿದವರಿಗೂ ಹೇಳುತ್ತಾಳೆ. ಯಾರು ಅವಳು ಎಂದು ಈಗಲೇ ಗೊತ್ತುಮಾಡಿ. ದೊಡ್ಡ ಅನಾಹುತದ ಹೊತ್ತಿನಲ್ಲಿ ಅಲ್ಲಿ ಐದು ಸೊನ್ನೆ, ಮುಂದೆ ಜಪಾನ್ ಎಂದು ಬರೆದಿರುವ ಉಚಿತ ವೈಫೈ ತೆರೆಯುತ್ತಾರೆ. 2016ರ ಕುಮಮೊಟೊ ಭೂಕಂಪದಲ್ಲೂ ತೆರೆದಿದ್ದರು. ಪಾಸ್‌ವರ್ಡ್ ಇರುವುದಿಲ್ಲ, ಹಾಗಾಗಿ ಮೆಸೇಜಿಗೆ ಮಾತ್ರ ಬಳಸಿ, ಬ್ಯಾಂಕ್ ಕೆಲಸ ಬೇಡ. ಸೇಫ್ಟಿ ಟಿಪ್ಸ್ ಎಂಬ ಆ್ಯಪ್ ಕೂಡ ಹಾಕಿಕೊಳ್ಳಿ, ಎಚ್ಚರಿಕೆ ಇಂಗ್ಲಿಷಿನಲ್ಲಿ ಬರುತ್ತದೆ.

ನೀವು ಕೇಳದೇ ಇದ್ದದ್ದು ಒಂದಿದೆ: ಅಲ್ಲಿ ಆಗುವ ಸ್ನೇಹಿತರು. ಹಾಸ್ಟೆಲಿನ ಅಡುಗೆಮನೆಯಲ್ಲೋ ಹಳ್ಳಿಯ ವಸತಿಮನೆಯಲ್ಲೋ ಯಾರಾದರೂ ಹತ್ತಿರ ಆಗಿಯೇ ಆಗುತ್ತಾರೆ. ಜಪಾನಿನವರಲ್ಲಿ ವಾಟ್ಸಾಪ್ ಇರುವುದು ಕಡಿಮೆ, ಹೆಚ್ಚಿನವರು ಲೈನ್ ಬಳಸುತ್ತಾರೆ. 2011ರ ಮಾರ್ಚ್‌ನ ದೊಡ್ಡ ಭೂಕಂಪ ಆದ ಮೇಲೆ, ಅದೇ ವರ್ಷ ಜೂನ್‌ನಲ್ಲಿ ಬಂದ ಆ್ಯಪ್ ಅದು. ಖಾತೆ ತೆರೆಯಲು ಫೋನ್ ನಂಬರಿಗೆ ಕೋಡ್ ಬರಬೇಕು, ಆದ್ದರಿಂದ ಬೆಂಗಳೂರಿನಲ್ಲಿ ಇರುವಾಗಲೇ ಮಾಡಿ ಮುಗಿಸಿ. ಅಲ್ಲಿ ಕ್ಯೂಆರ್ ತೋರಿಸಿದರೆ ಸಾಕು. ಅನುವಾದದ ಆ್ಯಪ್ ಇಟ್ಟುಕೊಂಡು ಇವತ್ತಿಗೂ ನಾನು ಅಲ್ಲಿನವರ ಜೊತೆ ಹೊಸ ವರ್ಷಕ್ಕೆ, ಯುಗಾದಿಗೆ ಮಾತಾಡುತ್ತೇನೆ.

ಅಂದ ಹಾಗೆ ನಮ್ಮ ದುಂಡು ಪಿನ್ನಿನ ಚಾರ್ಜರ್ ಅಲ್ಲಿ ಹಿಡಿಸುವುದಿಲ್ಲ, ಎರಡು ಚಪ್ಪಟೆ ಪಿನ್ನಿನ ಅಡಾಪ್ಟರ್ ಇಲ್ಲಿಂದಲೇ ತಗೊಂಡು ಹೋಗಿ. ಯಾವ ತಿಂಗಳು ಹೋಗುತ್ತಿದ್ದೀರಿ ಹೇಳಿ, ಊರುಗಳ ಬಗ್ಗೆಯೂ ಬರೆಯುತ್ತೇನೆ.