ಓದುಗರ ಪ್ರಶ್ನೆ: ಹಾರದ ಉಷ್ಟ್ರಪಕ್ಷಿಗೆ ರೆಕ್ಕೆ ಯಾಕೆ?

ಪ್ರಶ್ನೆ: ಉಷ್ಟ್ರಪಕ್ಷಿಗೆ ರೆಕ್ಕೆ ಇದೆ, ಪುಕ್ಕ ಇದೆ. ಆದರೂ ಹಾರುವುದಿಲ್ಲ. ತೂಕ ಒಂದೇ ಕಾರಣವೇ?
– ಓದುಗರು, ಜಯನಗರ, ಬೆಂಗಳೂರು

ಉತ್ತರ: ತೂಕವೂ ಹೌದು. ಬೆಳೆದ ಹಕ್ಕಿ 100ರಿಂದ 150 ಕಿಲೋ ತೂಗುತ್ತದೆ. ಆದರೆ ಎದೆಮೂಳೆಯನ್ನೂ ನೋಡಬೇಕು. ಇಡೀ ಕೋಳಿ ತಂದಾಗ ಎದೆಯ ನಡುವೆ ದೋಣಿಯ ತಳದಂತೆ ಚೂಪಾಗಿ ಎದ್ದ ಮೂಳೆ ಕೈಗೆ ಸಿಗುತ್ತದಲ್ಲ, ರೆಕ್ಕೆ ಬಡಿಯುವ ಸ್ನಾಯುಗಳು ಅಂಟಿಕೊಂಡಿರುವುದು ಅದಕ್ಕೇ. ಉಷ್ಟ್ರಪಕ್ಷಿಯಲ್ಲಿ ಆ ಏಣು ಇಲ್ಲ, ಮೂಳೆ ಚಪ್ಪಟೆ.

ಇನ್ನು ಗರಿ. ಟೆರೇಸಿನಲ್ಲಿ ಬಿದ್ದ ಪಾರಿವಾಳದ ರೆಕ್ಕೆಗರಿ ಎತ್ತಿಕೊಂಡು ಎಳೆಗಳನ್ನು ಬಿಡಿಸಿ, ಬುಡದಿಂದ ತುದಿಗೆ ಬೆರಳಲ್ಲಿ ಸವರಿ. ಜಿಪ್ ಎಳೆದಂತೆ ಮತ್ತೆ ಕೂಡಿಕೊಳ್ಳುತ್ತವೆ. (ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ.) ಎಳೆಗಳನ್ನು ಹಿಡಿದಿಡುವುದು ಬರಿಗಣ್ಣಿಗೆ ಕಾಣದ ಕೊಕ್ಕೆಗಳು. ಉಷ್ಟ್ರಪಕ್ಷಿಯ ಗರಿಯಲ್ಲಿ ಅವಿಲ್ಲ. ಎಳೆಗಳು ಬಿಡಿಬಿಡಿಯಾಗಿ ಜೋಲುತ್ತವೆ, ಗಾಳಿ ನಡುವೆ ನುಸುಳಿಹೋಗುತ್ತದೆ. ಮಳೆಯಲ್ಲಿ ಅದು ತೊಯ್ದು ತೊಪ್ಪೆಯಾಗುವುದೂ ಇದರಿಂದಲೇ.

ಹಾಗಂತ ರೆಕ್ಕೆ ದಂಡವಲ್ಲ. ಓಟದ ತಿರುವಿನಲ್ಲಿ ಮೈ ವಾಲದಂತೆ ತಡೆಯಲು, ಮರಿಗಳಿಗೆ ನೆರಳು ಕೊಡಲು ಅದೇ ಬೇಕು. ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಹಕ್ಕಿ ಇದು! ದಪ್ಪ ಸ್ನಾಯುಗಳೆಲ್ಲ ಮೇಲೆ, ತೊಡೆಯ ಭಾಗದಲ್ಲಿ. ಕೆಳಗೆ ಉದ್ದನೆಯ ಮೂಳೆ ಮತ್ತು ಸ್ನಾಯುರಜ್ಜು. ಕಾಲಿನ ತುದಿ ಹಗುರವಾದಷ್ಟೂ ಬೀಸುವುದು ಸಲೀಸು. ಅಂದಹಾಗೆ, ಹಿಂದಕ್ಕೆ ಮಡಚಿದ ಮೊಣಕಾಲಿನಂತೆ ಕಾಣುವುದು ಹಿಮ್ಮಡಿಯ ಕೀಲು. ನಿಜವಾದ ಮೊಣಕಾಲು ಮೇಲೆ, ಮೈಗೆ ಹತ್ತಿ ಮರೆಯಾಗಿರುತ್ತದೆ.

ಪ್ರಶ್ನೆ: ಎಮುವಿಗೂ ಇದಕ್ಕೂ ಗುರುತು ಹಿಡಿಯುವುದು ಹೇಗೆ?
– ಓದುಗರು, ಯಲಹಂಕ

ಉತ್ತರ: ಕಾಲ್ಬೆರಳು ಎಣಿಸಿ. ಆಸ್ಟ್ರೇಲಿಯಾದ ಎಮುವಿಗೆ ಮೂರು, ಆಫ್ರಿಕಾದ ಉಷ್ಟ್ರಪಕ್ಷಿಗೆ ಎರಡೇ. ಎಮುವಿನ ಮೊಟ್ಟೆ ಕಡುಹಸಿರು. ಇದರದು ಕೆನೆಬಣ್ಣ, ತೂಕ ಸುಮಾರು 1.4 ಕಿಲೋ, ಅಂದರೆ ಹೆಚ್ಚುಕಡಿಮೆ ಎರಡು ಡಜನ್ ಕೋಳಿಮೊಟ್ಟೆ.

ಪ್ರಶ್ನೆ: ಉಷ್ಟ್ರಪಕ್ಷಿ ಕಲ್ಲು, ಕಬ್ಬಿಣ ಏನನ್ನಾದರೂ ಅರಗಿಸಿಕೊಳ್ಳುತ್ತದಂತೆ, ನಿಜವೇ?
– ಓದುಗರು, ಮಲ್ಲೇಶ್ವರ

ಉತ್ತರ: ನಿಜವಲ್ಲ. ಹಲ್ಲಿಲ್ಲದ ಕಾರಣ ಅದು ಬೆಣಚುಕಲ್ಲು ನುಂಗಿ, ಜಠರದಲ್ಲಿಟ್ಟುಕೊಂಡು ಸೊಪ್ಪು, ಕಾಳು ಅರೆಯುತ್ತದೆ. ಕಲ್ಲು ಅಲ್ಲಿ ರುಬ್ಬುಗುಂಡಿನ ಕೆಲಸ ಮಾಡುತ್ತದೆ, ಆಹಾರವಾಗುವುದಿಲ್ಲ. ತೊಂದರೆ ಏನೆಂದರೆ, ಹೊಳೆಯುವುದು ಕಂಡರೆ ಕುಕ್ಕಿ ನುಂಗುವ ಸ್ವಭಾವ ಅದಕ್ಕಿದೆ. ಮೃಗಾಲಯದ ಬೇಲಿಯೊಳಗೆ ನಾಣ್ಯ, ತಂತಿ, ಬಾಟಲಿ ಮುಚ್ಚಳ, ಚಿಪ್ಸ್ ಪೊಟ್ಟಣ ದಯವಿಟ್ಟು ಎಸೆಯಬೇಡಿ. ತಂತಿ ಜಠರದ ಗೋಡೆಯನ್ನು ಚುಚ್ಚುತ್ತದೆ. ಪ್ಲಾಸ್ಟಿಕ್ ದಾರಿ ಕಟ್ಟುತ್ತದೆ, ಹಕ್ಕಿ ಮೇವು ಬಿಟ್ಟು ದಿನದಿನಕ್ಕೆ ಸೊರಗುತ್ತದೆ.